ಇಟ್ಟ ಹೆಸರೂ ಕೂಗಿದ ಹೆಸರೂ

ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಮಿಡಿಗೇಶಿಯ ದುರ್ಗವು ಕಣ್ಣಿಗೆ ಬೀಳುತ್ತದೆ. ಬೋಳು ಬಂಡೆಯ ಬೆಟ್ಟ, ಅದರ ಮೈಮೇಲೆ ಹತ್ತಿ ಇಳಿಯುವ ಹಳೆಯ ಕೋಟೆಯ ಗೋಡೆ, ಅಡಿಯಲ್ಲಿ ಊರು. ಹಿಮ್ಮಡಿಯನ್ನು ಮುಟ್ಟುವಷ್ಟು ನೀಳವಾದ ಕೇಶವಿದ್ದ ಒಬ್ಬ ರಾಜಪುತ್ರಿಯಿಂದ ಈ ಊರಿಗೆ ಈ ಹೆಸರು ಬಂದಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಥೆಯ ನಿಜವನ್ನು ವಿಚಾರಿಸುವುದು ನಮ್ಮ ಇಂದಿನ ಕೆಲಸವಲ್ಲ. ನಾವು ಗಮನಿಸತಕ್ಕುದು ಇಷ್ಟೆ: ಒಬ್ಬ ಹೆಣ್ಣುಮಗಳ ಮೈಯ ಒಂದು ಲಕ್ಷಣವನ್ನು ಮೆಚ್ಚಿ ಜನರು ಹೆಸರಿಟ್ಟರು, ಪಾಳೆಯಗಾರರು ಹೋದರು, ಕೋಟೆ ಹಾಳುಬಿದ್ದಿತು, ಹೆಸರು ಮಾತ್ರ ಉಳಿಯಿತು. ಮೈಯನ್ನು ನೋಡಿ ಇಟ್ಟ ಹೆಸರಿಗೆ ಅಷ್ಟು ದೀರ್ಘವಾದ ಆಯುಸ್ಸುಂಟು. ಮೆಚ್ಚಿ ಇಟ್ಟ ಹೆಸರಿಗೆ ಹೇಗೋ, ಹಳಿದು ಇಟ್ಟ ಹೆಸರಿಗೂ ಹಾಗೆಯೇ.

ಈ ತಿಂಗಳು ನಾವು ಆ ಎರಡನೆಯ ಬಗೆಯ ಹೆಸರುಗಳನ್ನು ಕುರಿತು, ಅದರಲ್ಲಿಯೂ ಆಟಗಾರರು ಉಡುಪು ಬದಲಿಸುವ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೂಗುವ ಹೆಸರುಗಳನ್ನು ಕುರಿತು, ನಮ್ಮ ಗೃಹಸ್ಥ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ. ಆಟದ ಮಾತು ಮನೆಯವರಿಗೇಕೆ ಎಂದು ಕೆಲವರು ಕೇಳಬಹುದು. ಕೊನೆಯವರೆಗೆ ಓದಿದರೆ ಅದು ಮನೆಯ ಮಾತೇ ಎಂಬುದು ತಿಳಿದುಬರುವುದು.

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಹೇಳಿಬಿಡೋಣ. “ಕರಿಯ ಎಂದರೆ ಏನು ತಪ್ಪು? ನಮ್ಮ ಸೀಮೆಯಲ್ಲಿ ಕರಿಯಪ್ಪನಿದ್ದಾನೆ, ಕರಿಯಣ್ಣನಿದ್ದಾನೆ. ಕರಿಯಮ್ಮನೆಂದು ದೇವತೆಗೇ ಹೆಸರಿಟ್ಟು ಜಾತ್ರೆ ಮಾಡುತ್ತೇವೆ. ಕೃಷ್ಣನೆಂದರೂ ಕರಿಯನೇ, ಶ್ಯಾಮನೆಂದರೂ ಕರಿಯನೇ” ಎಂದು ವಾದಿಸುವವರುಂಟು. ಮಾತು ನಿಜ, ವಾದ ಸುಳ್ಳು. ಕರಿಯಪ್ಪನೆಂಬ ಹೆಸರನ್ನು ತಾಯಿ ತೊಟ್ಟಿಲಲ್ಲಿ ಕೂಗಿ ಇಟ್ಟಳು. ಅದರ ಕೊನೆಗೆ ಒಂದು ‘ಅಪ್ಪ’ ಉಂಟು, ಅದರ ಹಿಂದೆ ಒಬ್ಬ ತಾತನೋ ಒಂದು ಮನೆದೇವರೋ ಉಂಟು. ಆಟದ ಬಯಲಿನಲ್ಲಿ ಕೂಗುವ ‘ಕರಿಯ’ನಿಗೆ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಅದು ಒಬ್ಬ ಮನುಷ್ಯನ ತೊಗಲನ್ನು ಸುಲಿದು ತೆಗೆದು, ನೀನೆಂದರೆ ಇಷ್ಟೇ ಎಂದು ಅವನ ಕೈಯಲ್ಲಿಡುವ ಮಾತು. ಅಕ್ಷರಗಳು ಅವೇ ಇರಬಹುದು. ಯಾರು ಇಟ್ಟರು, ಯಾರು ಓಗೊಡಬೇಕಾಯಿತು ಎಂಬುದರಲ್ಲಿ ವ್ಯತ್ಯಾಸವಿದೆ.

ನಮ್ಮ ಕರ್ನಾಟಕದ ಒಬ್ಬ ಆಟಗಾರರ ಮಾತನ್ನೇ ತೆಗೆದುಕೊಳ್ಳೋಣ. ದೊಡ್ಡ ಗಣೇಶರು ೧೯೯೭ರಲ್ಲಿ ಭಾರತದ ಪರವಾಗಿ ನಾಲ್ಕು ಟೆಸ್ಟ್ ಪಂದ್ಯಗಳನ್ನು ಆಡಿದ ವೇಗದ ಬೌಲರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೩೬೫ ವಿಕೆಟುಗಳನ್ನು ತೆಗೆದವರು. ಕರ್ನಾಟಕದ ರಣಜಿ ತಂಡದ ಭಾರವನ್ನು ವರ್ಷಗಟ್ಟಲೆ ಹೊತ್ತವರು. ಆಡುತ್ತಿದ್ದ ದಿನಗಳಲ್ಲಿ ತಾವು ಬಣ್ಣದ ಹೀಯಾಳಿಕೆಯನ್ನು ಅನುಭವಿಸಿದುದಾಗಿಯೂ, ಅದಕ್ಕೆ ಭಾರತದ ಒಬ್ಬ ಹಿರಿಯ ಆಟಗಾರರು ಮಾತ್ರ ಸಾಕ್ಷಿಯಾಗಿದ್ದರೆಂದೂ ಅವರು ಬಹಿರಂಗವಾಗಿ ಹೇಳಿದ್ದು ೨೦೨೦ರಲ್ಲಿ. ಅದು ಜನಾಂಗ ನಿಂದೆಯೆಂಬ ತಿಳಿವಳಿಕೆಯೇ ತಮಗೆ ಆಗ ಇರಲಿಲ್ಲ, ಹೇಳಿಕೊಳ್ಳುವುದಕ್ಕೆ ಒಂದು ಎಡೆಯೂ ಇರಲಿಲ್ಲ ಎಂದರು. ವಾಚಕರು ಲೆಕ್ಕ ಹಾಕಿ ನೋಡಲಿ. ಎರಡು ದಶಕಕ್ಕೂ ಮಿಕ್ಕಿ ಒಂದು ಮಾತು ಒಬ್ಬ ಬಲಿಷ್ಠ ಪುರುಷನ ಎದೆಯಲ್ಲಿ ಕುಳಿತಿದ್ದಿತು. ಆಡಿದವರು ಅದೇ ಸಂಜೆಗೆ ಮರೆತಿರಬೇಕು.

ಅವರ ಬಾಯಿ ತೆರೆಸಿದ್ದು ತಮಿಳುನಾಡಿನ ಅಭಿನವ್ ಮುಕುಂದರ ಪತ್ರ. ೨೦೧೭ರ ಆಗಸ್ಟ್ ತಿಂಗಳಲ್ಲಿ ಭಾರತ ತಂಡದೊಡನೆ ಸಿಂಹಳದ್ವೀಪದಲ್ಲಿದ್ದಾಗ ಅವರು ಅದನ್ನು ಪ್ರಕಟಿಸಿದರು. ಹದಿನೈದು ವರ್ಷದ ಹುಡುಗನಾಗಿ ಆಟಕ್ಕೆಂದು ಊರೂರು ತಿರುಗಲು ಆರಂಭಿಸಿದಂದಿನಿಂದ ಜನರು ತಮ್ಮ ಮೈಬಣ್ಣವನ್ನು ಎತ್ತಿ ಆಡಿದ್ದಾರೆ. ದಿನವೆಲ್ಲ ಬಿಸಿಲಲ್ಲಿ ನಿಂತು ಆಡುವವನಿಗೆ ಮೈ ಕಪ್ಪಾದುದರ ಬಗ್ಗೆ ವ್ಯಥೆಯಿಲ್ಲ, ಜನರಿಗೇಕೆ ಈ ಹುಚ್ಚು ಎಂಬುದೇ ಆಶ್ಚರ್ಯ, ಎಂಬುದು ಅದರ ತಾತ್ಪರ್ಯ. ಇದು ತಂಡದ ಜೊತೆಗಾರರನ್ನು ಕುರಿತು ಬರೆದುದಲ್ಲವೆಂದೂ ಅವರೇ ಸ್ಪಷ್ಟಪಡಿಸಿದರು. ತಮಗಾದ ನೋವನ್ನು ಹೇಳಿ ಕರುಣೆ ಬೇಡಿದ ಪತ್ರ ಅದಲ್ಲ. ತಮ್ಮ ಹಿಂದೆ ಬರುವ ಹುಡುಗರಿಗಾಗಿ ಬರೆದುದು. ಒಬ್ಬನು ಬರೆದ ಪತ್ರ ಮೂರು ವರ್ಷದ ಮೇಲೆ ಇನ್ನೊಬ್ಬನ ಮೌನವನ್ನು ಬಿಡಿಸಿತು.

ಇನ್ನು ಉಡುಪಿನ ಕೋಣೆಯ ಒಳಕ್ಕೇ ಹೋಗೋಣ. ವೆಸ್ಟ್ ಇಂಡೀಸ್ ತಂಡಕ್ಕೆ ೨೦೧೨ರಲ್ಲಿಯೂ ೨೦೧೬ರಲ್ಲಿಯೂ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದುಕೊಟ್ಟ ನಾಯಕ ಡ್ಯಾರೆನ್ ಸ್ಯಾಮಿ. ೨೦೧೩ ಮತ್ತು ೨೦೧೪ರಲ್ಲಿ ಅವರು ನಮ್ಮ ನೆರೆಯ ಹೈದರಾಬಾದಿನ ಸನ್‌ರೈಸರ್ಸ್ ತಂಡದಲ್ಲಿ ಆಡಿದರು. ಅಲ್ಲಿ ಅವರನ್ನೂ ಸಿಂಹಳದ ತಿಸಾರ ಪೆರೇರರನ್ನೂ ‘ಕಾಲೂ’ ಎಂದು ಕೂಗುತ್ತಿದ್ದರು. ಹಿಂದಿಯಲ್ಲಿ ಅದಕ್ಕೆ ಕರಿಯನೆಂದರ್ಥ. ಸ್ಯಾಮಿಗೆ ಭಾಷೆ ಬಾರದು. ಬಲವಾದ ಕುದುರೆಯೆಂದು ಹೊಗಳುತ್ತಿದ್ದಾರೆಂದು ತಿಳಿದು, ಕೂಗಿದಾಗಲೆಲ್ಲ ನಗುತ್ತ ಓಗೊಟ್ಟರು. ೨೦೨೦ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದವನು ಪೊಲೀಸನ ಮೊಣಕಾಲಿನಡಿಯಲ್ಲಿ ಸತ್ತು, ಲೋಕವೆಲ್ಲ ಈ ವಿಷಯವನ್ನು ಮಾತನಾಡುತ್ತಿದ್ದಾಗ, ಸ್ಯಾಮಿಗೆ ಆ ಪದದ ಅರ್ಥ ತಿಳಿಯಿತು. ಆಗ ಅವರಿಗಾದ ಅಪಮಾನವನ್ನು ಯೋಚಿಸಿರಿ. ಮಾತು ಚುಚ್ಚಿದ್ದಕ್ಕಿಂತ ಹೆಚ್ಚಾಗಿ, ತಾನು ಅದಕ್ಕೆ ನಕ್ಕೆನಲ್ಲಾ ಎಂಬುದು ಚುಚ್ಚಿರಬೇಕು.

ಆಮೇಲೆ ಅವರು ಮಾಡಿದ ಕೆಲಸವು ನಮಗೆ ಮೆಚ್ಚುಗೆಯಾದುದು. ಯಾರ ಹೆಸರನ್ನೂ ಬೀದಿಗೆಳೆಯದೆ, ಹಾಗೆ ಕೂಗಿದವರು ತಮ್ಮೊಡನೆ ಮಾತನಾಡಬೇಕು, ಏನರ್ಥದಲ್ಲಿ ಕೂಗಿದಿರೆಂದು ಹೇಳಬೇಕು ಎಂದು ಎಲ್ಲರ ಎದುರಿಗೆ ಕೇಳಿದರು. ಹಳೆಯ ಜೊತೆಗಾರನೊಬ್ಬನು ಮಾತನಾಡಿ, ಪ್ರೀತಿಯಿಂದ ಕೂಗಿದುದೆಂದು ಹೇಳಿದನಂತೆ, ಸ್ಯಾಮಿ ನಂಬಿದರು. ಆದರೂ ತಾವು ದೂರಿದ್ದು ತಪ್ಪೆಂದು ಅವರು ಹೇಳಲಿಲ್ಲ. ಪ್ರೀತಿಯಿಂದ ಕೂಗಿದ್ದು ನಿಜವಿರಬಹುದು. ಕಾಲಿಗೆ ಚುಚ್ಚಿದ ಮುಳ್ಳು ಯಾವ ಗಿಡದ್ದೆಂದು ತಿಳಿದಮಾತ್ರಕ್ಕೆ ನೋವು ನಿಲ್ಲುವುದಿಲ್ಲ.

ಕಡಲಾಚೆಯಲ್ಲಿ ನಮ್ಮವರೇ ಈ ಬಾಧೆಗೆ ಸಿಕ್ಕಿದ್ದೂ ಉಂಟು. ಚೇತೇಶ್ವರ ಪೂಜಾರರು ಇಂಗ್ಲೆಂಡಿನ ಯಾರ್ಕ್‌ಷೈರ್ ತಂಡದಲ್ಲಿ ಆಡುತ್ತಿದ್ದಾಗ ಅಲ್ಲಿಯವರು ಅವರನ್ನು ‘ಸ್ಟೀವ್’ ಎಂದು ಕೂಗಿದರು. ಹೆಸರು ನಾಲಗೆಗೆ ಹೊರಳುವುದಿಲ್ಲವೆಂಬುದು ನೆಪ. ಅದೇ ತಂಡದ ಅಜೀಮ್ ರಫೀಕರು ತಾವು ವರ್ಷಗಳ ಕಾಲ ಕೇಳಿದ ನಿಂದೆಗಳನ್ನು ೨೦೨೧ರ ನವೆಂಬರಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಣ್ಣೀರಿಡುತ್ತ ಹೇಳಿದಾಗ ಇದೂ ದೊಡ್ಡ ಸುದ್ದಿಯಾಯಿತು. ಪೂಜಾರರ ಸಂಗತಿಯನ್ನು ಓದಿ ನಾವೆಲ್ಲ ಸಿಟ್ಟಾದೆವು. ನಮ್ಮ ಸೀಮೆಯಲ್ಲಿಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಸಿದ್ದಿ ಜನರನ್ನು ಕಂಡು “ಯಾವ ದೇಶದವರು ನೀವು?” ಎಂದು ಕೇಳುವಾಗ ಆ ಸಿಟ್ಟು ಎಲ್ಲಿ ಅಡಗುತ್ತದೆ? ಅವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಇವರ ಮನೆಮಾತುಗಳಲ್ಲಿ, ಹಾಡುಗಳಲ್ಲಿ ಕನ್ನಡ ಕೊಂಕಣಿಗಳು ಸೇರಿಹೋಗಿವೆ. ೧೯೮೦ರ ದಶಕದ ಕೊನೆಯಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ಇವರ ಮಕ್ಕಳನ್ನು ಆರಿಸಿ ಓಟಕ್ಕೂ ನೆಗೆತಕ್ಕೂ ತರಬೇತು ಮಾಡಿತು. ಪದಕ ಬೇಕಾದಾಗ ಆ ಮೈಕಟ್ಟು ನಮಗೆ ಬೇಕಾಯಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಾಗ ಅದೇ ಮೈ ಪರದೇಶದ್ದಾಯಿತು.

ಬಣ್ಣದ ಮಾತನ್ನು ಹೇಳಿ ಜಾತಿಯ ಮಾತನ್ನು ಬಿಟ್ಟರೆ ನಮ್ಮ ದೇಶದಲ್ಲಿ ಅರ್ಧ ಸತ್ಯವನ್ನು ಹೇಳಿದಂತಾಗುವುದು. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಅವರ ಚರಿತ್ರೆಯನ್ನು ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳಿಗೆ ಹೇಳತಕ್ಕದ್ದು. ಚರ್ಮದ ಕೆಲಸದ ಕುಲದಲ್ಲಿ ಹುಟ್ಟಿದ ಬಾಲೂ, ಪುಣೆಯ ಯುರೋಪಿಯನರ ಕ್ಲಬ್ಬಿನಲ್ಲಿ ನೆಲ ಹದಮಾಡುವ, ಬಲೆ ಕಟ್ಟುವ ಕೂಲಿಗೆ ಸೇರಿ, ದೊರೆಗಳಿಗೆ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ, ದೇಶದಲ್ಲಿಯೇ ಶ್ರೇಷ್ಠವಾದ ಎಡಗೈ ಬೌಲರಾದರು. ಪುಣೆಯ ಹಿಂದೂ ತಂಡಕ್ಕೆ ಅವರ ಕೈ ಬೇಕಾಯಿತು. ಬಯಲಿನಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ಹೊತ್ತಿಗೆ ಮಾತ್ರ ಜೊತೆಗಾರರು ಒಳಗೆ ಕುಳಿತು ಪಿಂಗಾಣಿಯ ಬಟ್ಟಲಲ್ಲಿ ಕುಡಿಯುವರು. ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟದ ಎಲೆಯೂ ಬೇರೆ. ಅಲ್ಲಿ ಯಾರೂ ಬೈಗುಳವನ್ನು ಆಡಬೇಕಾಗಿಯೇ ಇರಲಿಲ್ಲ. ಆ ಕುಡಿಕೆಯೇ ಬೈಗುಳವಾಗಿದ್ದಿತು.

೧೯೦೬ರಲ್ಲಿ ಮುಂಬಯಿಯ ಹಿಂದೂ ತಂಡವು ಯುರೋಪಿಯನರನ್ನು ೧೦೯ ಓಟಗಳಿಂದ ಸೋಲಿಸಿತು. ಅದರಲ್ಲಿ ಬಾಲೂ ಅವರ ಪಾತ್ರ ಹಿರಿದು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಅವರೊಬ್ಬರೇ ನೂರಕ್ಕೆ ಮೇಲ್ಪಟ್ಟು ವಿಕೆಟುಗಳನ್ನು ತೆಗೆದರು. ಇಷ್ಟಾದರೂ ನಾಯಕತ್ವ ಅವರಿಗೆ ಒಲಿಯಲಿಲ್ಲ. ೧೯೨೦ರ ಚತುಷ್ಕೋಣ ಪಂದ್ಯದಲ್ಲಿ ಬಾಲೂ ಅವರನ್ನು ಕೈಬಿಟ್ಟು, ನಾಯಕತ್ವವನ್ನು ಅವರ ತಮ್ಮ ವಿಠ್ಠಲರಿಗೂ ಕೊಡದೆ, ವಿಠ್ಠಲರಿಗಿಂತ ಕಿರಿಯರಿಗೆ ಕೊಟ್ಟಾಗ, ವಿಠ್ಠಲರೂ ಅವರ ಅಣ್ಣ ಶಿವರಾಮರೂ ಹೇಳಿಕೆಯನ್ನು ಪ್ರಕಟಿಸಿ ತಂಡದಿಂದ ಹೊರಕ್ಕೆ ಬಂದರು. ಆಟವೇ ಅನ್ನವಾಗಿದ್ದವರು ಆಟವನ್ನು ಬಿಟ್ಟು ನಿಂತರೆಂಬುದನ್ನು ಮರೆಯಬಾರದು. ಫಲವೇನಾಯಿತು? ಮುಂದಿನ ಪಂದ್ಯಕ್ಕೆ ಬಾಲೂ ಅವರನ್ನು ಕರೆದು ಉಪನಾಯಕನನ್ನಾಗಿ ಮಾಡಿದರು. ತಮ್ಮಂದಿರು ಮರಳಿ ಬಂದರು. ೧೯೨೩ರಲ್ಲಿ ವಿಠ್ಠಲರೇ ಹಿಂದೂ ತಂಡದ ನಾಯಕರಾದರು. ನೂರು ವರ್ಷಕ್ಕೂ ಹಿಂದೆ, ಕಾಯಿದೆಯ ಬೆಂಬಲವಿಲ್ಲದ ಕಾಲದಲ್ಲಿ, ಮೂವರು ಸಹೋದರರು ಸಾಧಿಸಿದುದು ಇದು.

ಈಗ ಕಾಯಿದೆ ಉಂಟು. ೧೯೫೦ರ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ಜಾತಿಯೆತ್ತಿ ನಿಂದಿಸುವುದು ೧೯೮೯ರ ಕಾಯಿದೆಯಂತೆ ಅಪರಾಧ. ಆದರೆ ಉಡುಪಿನ ಕೋಣೆಯ ಬಾಗಿಲು ಮುಚ್ಚಿರುವುದಷ್ಟೆ. ಅಲ್ಲಿ ಸಾರ್ವಜನಿಕರೂ ಇಲ್ಲ, ಪೊಲೀಸರೂ ಇಲ್ಲ. ಅಲ್ಲಿ ಇರುವವನು ಪಕ್ಕದ ಬೆಂಚಿನ ಮೇಲೆ ಕುಳಿತ ಜೊತೆಗಾರನೊಬ್ಬನೇ. ನಾವು ಈ ಲೇಖನದಲ್ಲಿ ಹೇಳಬೇಕಾದುದು ಮುಖ್ಯವಾಗಿ ಅವನಿಗೆ.

ಅಮೆರಿಕದ ಬೇಸ್‌ಬಾಲ್ ಆಟದ ದೊಡ್ಡ ಪಂದ್ಯಾವಳಿಯಲ್ಲಿ ಆ ಶತಮಾನದ ಮೊದಲ ಕರಿಯ ಆಟಗಾರನಾಗಿ ೧೯೪೭ರ ಏಪ್ರಿಲಿನಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡವನ್ನು ಸೇರಿದರು. ಅವರ ತಂಡದಲ್ಲಿಯೇ ಕೆಲವರು ಅವನೊಡನೆ ಆಡಲಾರೆವೆಂದು ಸಹಿ ಕೂಡಿಸಲು ಹೊರಟಿದ್ದರು. ಏನೇ ಬೈದರೂ ತಿರುಗಿ ಮಾತನಾಡುವುದಿಲ್ಲವೆಂದು ರಾಬಿನ್ಸನ್ ತಂಡದ ಒಡೆಯರಿಗೆ ಮಾತು ಕೊಟ್ಟಿದ್ದರು. ಅದೇ ತಿಂಗಳಲ್ಲಿ ಫಿಲಡೆಲ್ಫಿಯದ ತಂಡದವರು ತಮ್ಮ ವ್ಯವಸ್ಥಾಪಕನನ್ನು ಮುಂದಿಟ್ಟುಕೊಂಡು ಬಾಯಿಗೆ ಬಂದಂತೆ ಬೈದರು. ರಾಬಿನ್ಸನ್ ಹಲ್ಲು ಕಚ್ಚಿ ನಿಂತರು. ಆಗ ಎದ್ದು ನಿಂತು, ತಿರುಗಿ ಉತ್ತರ ಹೇಳಬಲ್ಲವರನ್ನು ಬೈಯಿರೆಂದು ಎದುರಾಳಿಗಳನ್ನು ಗದರಿದವನು ಎಡ್ಡಿ ಸ್ಟ್ಯಾಂಕಿ ಎಂಬ ಬಿಳಿಯ ಜೊತೆಗಾರ. ಅವನು ರಾಬಿನ್ಸನರ ಗೆಳೆಯನೇನೂ ಆಗಿರಲಿಲ್ಲ. ಗೆಳೆತನ ಬೇಕಾಗಿಯೂ ಇಲ್ಲ. ಬಾಯಿ ತೆರೆಯುವ ಧೈರ್ಯವಿದ್ದರೆ ಸಾಕು.

ನಮ್ಮವರಲ್ಲಿಯೂ ಇಂಥ ನಿದರ್ಶನವುಂಟು. ೨೦೨೧ರ ಜನವರಿಯಲ್ಲಿ ಸಿಡ್ನಿಯ ಪಂದ್ಯದಲ್ಲಿ ಗೆರೆಯ ಬಳಿ ನಿಂತಿದ್ದ ಮಹಮದ್ ಸಿರಾಜರನ್ನು ಪ್ರೇಕ್ಷಕರಲ್ಲಿ ಕೆಲವರು ಹೀಯಾಳಿಸಿದಾಗ, ಸಿರಾಜರು ನಾಯಕ ಅಜಿಂಕ್ಯ ರಹಾಣೆಯವರಿಗೆ ಹೇಳಿದರು. ರಹಾಣೆ “ಆಡು ಹೋಗು, ಅದೆಲ್ಲ ಇದ್ದದ್ದೇ” ಎನ್ನಲಿಲ್ಲ. ಅಂಪೈರುಗಳ ಬಳಿಗೆ ಹೋದರು. ಆಟ ಕೆಲವು ನಿಮಿಷ ನಿಂತಿತು. ಹೊಸದಾಗಿ ತಂಡಕ್ಕೆ ಬಂದ, ಆ ಪ್ರವಾಸದ ಕಾಲದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನ ಮಾತಿಗಾಗಿ ಟೆಸ್ಟ್ ಪಂದ್ಯ ನಿಂತಿತೆಂಬುದು ಸಾಮಾನ್ಯವಲ್ಲ.

ದೊಡ್ಡ ಗಣೇಶರ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಅಭಿಪ್ರಾಯವು ಸ್ಪಷ್ಟವಾಗುವುದು. ನೊಂದವನೇ ದೂರಬೇಕು, ನೊಂದವನೇ ಧೈರ್ಯ ತಾಳಬೇಕು ಎಂಬುದು ನ್ಯಾಯವಲ್ಲ. ದೂರಿದವನಿಗೆ ಸ್ಥಾನ ಹೋದೀತು; ‘ಮೂಗಿನ ತುದಿಯಲ್ಲಿ ಕೋಪ’ ಎಂಬ ಹೊಸ ಅಡ್ಡಹೆಸರು ಬಂದೀತು. ಪಕ್ಕದವನು ಹೇಳಿದರೆ ಇಷ್ಟು ನಷ್ಟವಿಲ್ಲ. ಆದುದರಿಂದ ಹೇಳುವ ಹೊಣೆ ಮೊದಲು ಅವನದು.

ಈ ಪಕ್ಕದವನು ತಯಾರಾಗುವುದು ಎಲ್ಲಿ? ನಮ್ಮ ಮನೆಯಲ್ಲಿ. ಕೂಸು ಹುಟ್ಟಿದ ಮನೆಗೆ ನೋಡಹೋದವರು ತಾಯಿಯ ಆರೋಗ್ಯವನ್ನು ಕೇಳುವ ಮೊದಲೇ “ಬಣ್ಣ ಯಾರದು?” ಎನ್ನುತ್ತಾರೆ. ಹೆಣ್ಣು ನೋಡಿ ಬಂದವರು “ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಒಂದಿಷ್ಟು” ಎಂದು ಮಾತನ್ನು ನುಂಗುತ್ತಾರೆ. ದಶಕಗಳ ಕಾಲ ನಮ್ಮ ಕನ್ನಡಿಯ ಗೂಡಿನಲ್ಲಿ ಇದ್ದ ಫೇರ್ ಅಂಡ್ ಲವ್ಲಿ ಎಂಬ ಲೇಪನಕ್ಕೆ ೨೦೨೦ರಲ್ಲಿ ಕಂಪನಿಯವರೇ ಹೆಸರು ಬದಲಿಸಿದರು. ನಮ್ಮ ನಾಲಗೆ ಬದಲಾಯಿತೆ? ಹಿತ್ತಲಲ್ಲಿ ಯಾರಿಗೆ ಯಾವ ಲೋಟದಲ್ಲಿ ನೀರು ಕೊಡುತ್ತಾರೆಂಬುದನ್ನು ಮಕ್ಕಳು ನೋಡುತ್ತಲೇ ಇರುತ್ತಾರೆ. ಅಡುಗೆಮನೆಯಲ್ಲಿ ಕಲಿತುದನ್ನು ಆಟದ ಬಯಲಿನಲ್ಲಿ ಒಪ್ಪಿಸುತ್ತಾರೆ.

ಉಪದೇಶ ಹೇಳುವವರು ತಮ್ಮ ಲೆಕ್ಕವನ್ನೂ ತೋರಿಸಬೇಕು. ಮಿಡಿಗೇಶಿಯ ಬೆಟ್ಟದಡಿಯ ಬಯಲಿನಲ್ಲಿ ನಾವು ಬಾಲ್ಯದಲ್ಲಿ ಕಬಡ್ಡಿ ಆಡಿದವರು. ನಮ್ಮ ತಂಡದಲ್ಲಿ ಊರಾಚೆಯ ಕೇರಿಯ ಹುಡುಗನೊಬ್ಬನಿದ್ದನು. ಅವನಷ್ಟು ಉಸಿರು ಹಿಡಿಯಬಲ್ಲವರು ಆ ಹೋಬಳಿಯಲ್ಲಿಯೇ ಇರಲಿಲ್ಲವೆಂದು ನಮ್ಮ ಹೆಮ್ಮೆ. ಅವನನ್ನು ನಾವು ಕೂಗಿದುದು ‘ಕರಿಯ’ನೆಂದು. ಗೆದ್ದಾಗ ಹೆಗಲ ಮೇಲೆ ಹೊತ್ತೂ ಹಾಗೆಯೇ ಕೂಗಿದೆವು. ನಮ್ಮಲ್ಲಿ ಯಾರೂ ಅದನ್ನು ಕೆಟ್ಟ ಮಾತೆಂದು ತಿಳಿದಿರಲಿಲ್ಲ. ಅವನು ಏನೆಂದು ತಿಳಿದಿದ್ದನೋ, ಯಾರೂ ಕೇಳಿರಲಿಲ್ಲ.

ವರ್ಷಗಳ ಮೇಲೆ ಒಂದು ದಿನ ಬಸ್ಸಿಗಾಗಿ ಕಾದಿದ್ದಾಗ ಅವನು ಎದುರಾದನು. ಜೊತೆಯಲ್ಲಿ ಏಳೆಂಟು ವರ್ಷದ ಮಗಳು. “ಏನೋ ಕರಿಯ, ಚೆನ್ನಾಗಿದ್ದೀಯೇನೋ?” ಎಂದು ನಾವು ಸಂತೋಷದಿಂದಲೇ ಕೂಗಿದೆವು. “ಚೆನ್ನಾಗಿದ್ದೀನಿ ಸ್ವಾಮಿ” ಎಂದನು. ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ನಮ್ಮ ಬಾಯಲ್ಲಿ ‘ಏನೋ’, ಅವನ ಬಾಯಲ್ಲಿ ‘ಸ್ವಾಮಿ’. ಆ ಮಗು ತಲೆಯೆತ್ತಿ ಒಮ್ಮೆ ನಮ್ಮ ಮುಖವನ್ನೂ ಒಮ್ಮೆ ತಂದೆಯ ಮುಖವನ್ನೂ ನೋಡಿತು. ಮಾತನ್ನು ತಿದ್ದಿಕೊಳ್ಳೋಣವೆಂದರೆ ಅವನ ಹೆಸರು ನಮ್ಮ ನೆನಪಿಗೆ ಬರಲಿಲ್ಲ. ಐದು ವರ್ಷ ಪ್ರತಿದಿನವೂ ಹಾಜರಿ ಕೂಗುವಾಗ ಕೇಳಿದ ಹೆಸರು! ಬಸ್ಸು ಬಂದು ಅವರಿಬ್ಬರೂ ಹೋದ ಮೇಲೆ, ಪಕ್ಕದ ಅಂಗಡಿಯವನನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಅದು ಸುಂದರವಾದ ಹೆಸರು. ಅವನ ಅನುಮತಿಯಿಲ್ಲದೆ ಇಲ್ಲಿ ಬರೆಯುವುದಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ಪ್ರಾರ್ಥನೆ ದೊಡ್ಡದೇನೂ ಅಲ್ಲ. ಸಂಜೆ ಮಕ್ಕಳು ಆಟವಾಡಿ ಬಂದು ಕೈಕಾಲು ತೊಳೆಯುವಾಗ, ಗೆದ್ದಿರಾ ಸೋತಿರಾ ಎಂದು ಕೇಳುವುದರ ಜೊತೆಗೆ ಯಾರಾರು ಆಡಿದಿರಿ ಎಂದೂ ಕೇಳಿರಿ. ಹೆಸರುಗಳನ್ನು ಹೇಳಲಿ. ‘ಕುಂಟ’, ‘ಕರಿಯ’, ‘ಚಪ್ಪಟೆ ಮೂಗಿನವನು’, ಇಲ್ಲವೆ ಒಂದು ಜಾತಿಯ ಹೆಸರು ಬಂದರೆ, ಗದರಬೇಡಿ, “ಅವರ ಮನೆಯಲ್ಲಿ ಇಟ್ಟ ಹೆಸರೇನು?” ಎಂದು ಕೇಳಿರಿ. ಗೊತ್ತಿಲ್ಲವೆಂದರೆ ನಾಳೆ ತಿಳಿದುಕೊಂಡು ಬಂದು ಹೇಳೆನ್ನಿರಿ. ಇನ್ನೊಬ್ಬನನ್ನು ಹಾಗೆ ಕೂಗುವಾಗ ನೀನು ಏನು ಮಾಡಿದೆ ಎಂಬುದನ್ನೂ ವಿಚಾರಿಸಿರಿ. ಈ ಪ್ರಶ್ನೆಗೆ ಉತ್ತರ ಹೇಳಿ ಅಭ್ಯಾಸವಾದ ಹುಡುಗನು ದೊಡ್ಡವನಾಗಿ ಯಾವ ತಂಡದ ಯಾವ ಕೋಣೆಯಲ್ಲಿ ಕುಳಿತರೂ, ಪಕ್ಕದವನ ಪರವಾಗಿ ಒಂದು ಮಾತನಾಡುವನೆಂದು ನಾವು ನಂಬಿದ್ದೇವೆ.